ದುಡ್ಡು ಕೊಟ್ಟು ಹಾಕಿಸಿದ ಬ್ಯಾಕ್‌ಲಿಂಕ್‌ಗಳಿಂದ ವೆಬ್‌ಸೈಟ್ ಉಳಿಸಿಕೊಳ್ಳುವುದು ಹೇಗೆ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸಣ್ಣ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು, ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳು, ನಂದಿ ಬೆಟ್ಟದ ತಪ್ಪಲಲ್ಲಿ ಹೋಮ್‌ಸ್ಟೇ ನಡೆಸುವವರು, ಶ್ರೀನಿವಾಸಪುರದಿಂದ ಮಾವು ಕಳಿಸುವವರು. ಇಂಥವರಲ್ಲಿ ಎಷ್ಟೋ ಮಂದಿ ಈಗ ವೆಬ್‌ಸೈಟ್ ಮಾಡಿಸಿದ್ದಾರೆ. ಸೈಟ್ ಶುರುವಾದ ಸ್ವಲ್ಪ ದಿನಕ್ಕೆ ವಾಟ್ಸಾಪ್‌ಗೆ ಮೆಸೇಜ್ ಬರುತ್ತದೆ: "ಸಾರ್, ಗೂಗಲ್‌ನಲ್ಲಿ ಫಸ್ಟ್ ಪೇಜ್‌ಗೆ ತರ್ತೀವಿ. ತಿಂಗಳಿಗೆ ಸಾವಿರ ಬ್ಯಾಕ್‌ಲಿಂಕ್, ಗ್ಯಾರಂಟಿ." ಬ್ಯಾಕ್‌ಲಿಂಕ್ ಅಂದರೆ ಬೇರೆ ಸೈಟ್‌ಗಳಿಂದ ನಿಮ್ಮ ಸೈಟಿಗೆ ಬರುವ ಲಿಂಕ್. ರೇಟು ಕಮ್ಮಿ, ಮಾತು ನಯ. ಹೂಂ ಅನ್ನುವುದು ಸುಲಭ.

ಹೂಂ ಅನ್ನುವ ಮುಂಚೆ ಇದನ್ನು ಓದಿ. ಈಗಾಗಲೇ ದುಡ್ಡು ಕೊಟ್ಟಾಗಿದ್ದರೂ ಗಾಬರಿ ಬೇಡ, ಸೈಟನ್ನು ಸರಿ ಮಾಡಿಕೊಳ್ಳುವ ದಾರಿಯನ್ನೂ ಹಂತ ಹಂತವಾಗಿ ಕೊಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ತಾಲೂಕು, ಒಂದು ಜಿಲ್ಲೆಯ ಗಿರಾಕಿಗಳನ್ನು ನಂಬಿದ ವ್ಯಾಪಾರಕ್ಕೆ ಸಾವಿರ ಲಿಂಕ್ ಬೇಕಿಲ್ಲ. ನಿಮ್ಮನ್ನು ನಿಜವಾಗಿ ಬಲ್ಲವರು ಕೊಟ್ಟ ಕೆಲವೇ ಲಿಂಕ್‌ಗಳು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಲಿಂಕ್‌ಗೆ ಇಷ್ಟು ಬೆಲೆ ಯಾಕೆ, ಅಪಾಯ ಯಾಕೆ?

1998ರಲ್ಲಿ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಪೇಜ್‌ರ‍್ಯಾಂಕ್ ಎಂಬ ವಿಧಾನವನ್ನು ಮುಂದಿಟ್ಟರು. ಒಂದು ಪುಟಕ್ಕೆ ಬೇರೆ ಪುಟಗಳು ಲಿಂಕ್ ಕೊಟ್ಟರೆ ಅದು ಆ ಪುಟದ ಪರವಾಗಿ ಹೇಳಿದ ಒಂದು ಮಾತು. ಹೇಳಿದವರ ತೂಕ ಜಾಸ್ತಿ ಇದ್ದರೆ ಮಾತಿನ ತೂಕವೂ ಜಾಸ್ತಿ. ಗೂಗಲ್ ಬೆಳೆದದ್ದೇ ಈ ಲೆಕ್ಕದ ಮೇಲೆ. ಲಿಂಕ್ ಮಾರುವ ದಂಧೆ ಹುಟ್ಟಿದ್ದೂ ಇಲ್ಲಿಂದಲೇ.

2012ರ ಏಪ್ರಿಲ್ 24ರಂದು ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇ 3.1ರಷ್ಟಕ್ಕೆ ಅದರ ಬಿಸಿ ತಟ್ಟುತ್ತದೆ ಎಂದು ಆಗ ಹೇಳಲಾಗಿತ್ತು. ಕೊಂಡ ಲಿಂಕ್‌ಗಳ ಮೇಲೆ ನಿಂತಿದ್ದ ಸೈಟ್‌ಗಳು ರಾತ್ರೋರಾತ್ರಿ ಕೆಳಗೆ ಬಿದ್ದವು. 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ ಗೂಗಲ್‌ನ ಮುಖ್ಯ ಲೆಕ್ಕಾಚಾರದ ಭಾಗವೇ ಆಯಿತು. 2022ರ ಡಿಸೆಂಬರ್‌ನಲ್ಲಿ ಸ್ಪ್ಯಾಮ್‌ಬ್ರೈನ್ ಎಂಬ ಎಐ ವ್ಯವಸ್ಥೆಯನ್ನು ಲಿಂಕ್ ಸ್ಪ್ಯಾಮ್, ಅಂದರೆ ಗೂಗಲ್ ಕಣ್ಣಿಗೆ ಮಣ್ಣೆರಚಲು ಹಾಕಿದ ಲಿಂಕ್ ಹಿಡಿಯುವ ಕೆಲಸಕ್ಕೂ ಹಚ್ಚಿದರು. ಅದು ಲಿಂಕ್ ಕೊಳ್ಳುವ ಸೈಟನ್ನೂ ಹಿಡಿಯುತ್ತದೆ, ಮಾರುವುದಕ್ಕೆಂದೇ ಇರುವ ಸೈಟನ್ನೂ ಹಿಡಿಯುತ್ತದೆ.

ಪೆಟ್ಟು ಎರಡು ಥರ ಬೀಳುತ್ತದೆ. ಒಂದು, ಗೂಗಲ್ ಆ ಲಿಂಕ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಮಗೆ ನೋಟಿಸ್ ಬರುವುದಿಲ್ಲ. ಅವುಗಳಿಂದ ಸಿಕ್ಕಿದ್ದ ಏರಿಕೆ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಇನ್ನೊಂದು, ಗೂಗಲ್‌ನ ಸಿಬ್ಬಂದಿಯೇ ಸೈಟ್ ನೋಡಿ ಕ್ರಮ ಕೈಗೊಳ್ಳುತ್ತಾರೆ. ಇದಕ್ಕೆ ಮ್ಯಾನುಯಲ್ ಆಕ್ಷನ್ ಎನ್ನುತ್ತಾರೆ. ಕೆಲವು ಪುಟ ಅಥವಾ ಇಡೀ ಸೈಟ್ ಕೆಳಗಿಳಿಯಬಹುದು, ಹುಡುಕಾಟದಿಂದ ಮಾಯವೂ ಆಗಬಹುದು.

"ನನಗೆ ಗೊತ್ತಿರಲಿಲ್ಲ, ಏಜೆನ್ಸಿ ಮಾಡಿದ್ದು" ಅನ್ನುವ ಮಾತು ನಡೆಯುವುದಿಲ್ಲ. 2011ರ ಫೆಬ್ರವರಿಯಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಪಳಿ ಜೆಸಿ ಪೆನ್ನಿಗೆ ಸಂಬಂಧವೇ ಇಲ್ಲದ ಸೈಟ್‌ಗಳಿಂದ ರಾಶಿ ಲಿಂಕ್ ಇರುವುದನ್ನು ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ತನಗೆ ತಿಳಿಯದೆ ಆದದ್ದು ಎಂದು ಕಂಪನಿ ಹೇಳಿತು, ಎಸ್‌ಇಒ ಸಂಸ್ಥೆಯನ್ನು, ಅಂದರೆ ಸೈಟನ್ನು ಹುಡುಕಾಟದಲ್ಲಿ ಮೇಲೆ ತರುವ ಕೆಲಸಕ್ಕೆ ಇಟ್ಟುಕೊಂಡವರನ್ನು, ಬಿಡಿಸಿತು. ಆದರೂ ಗೂಗಲ್ ಅದನ್ನು ಕೆಳಗೆ ತಳ್ಳಿತು. ಸೈಟ್ ಯಾರದೋ ಹೊಣೆಯೂ ಅವರದೇ.

ಹಂತ 1: ನಿಮ್ಮ ಮುಂದಿರುವ ಆಫರ್ ಯಾವ ಜಾತಿಯದು ನೋಡಿ

ಒಂದು ಪ್ರಶ್ನೆ ಕೇಳಿಕೊಳ್ಳಿ. ಗೂಗಲ್ ಅನ್ನುವುದೇ ಇಲ್ಲದಿದ್ದರೂ ಈ ಲಿಂಕ್ ಇರುತ್ತಿತ್ತಾ? ನಿಮ್ಮ ರೇಷ್ಮೆ ಕೊಳ್ಳುವ ನೇಕಾರರ ಸಂಘ ತನ್ನ ಸೈಟ್‌ನಲ್ಲಿ ನಿಮ್ಮ ಹೆಸರು ಹಾಕಿದರೆ, ಇರುತ್ತಿತ್ತು. ಯಾವುದೋ ದೇಶದ ಜೂಜಿನ ಸೈಟ್‌ನ ಕೆಳಗಡೆ "ಬೆಸ್ಟ್ ಹೋಮ್‌ಸ್ಟೇ ಇನ್ ನಂದಿ ಹಿಲ್ಸ್" ಅಂತ ಇದ್ದರೆ, ಖಂಡಿತ ಇರುತ್ತಿರಲಿಲ್ಲ. ಎಷ್ಟೋ ಆಫರ್‌ಗಳು ಈ ಒಂದು ಪ್ರಶ್ನೆಗೇ ಬಿದ್ದುಹೋಗುತ್ತವೆ.

ಡಿಎ, ಡಿಆರ್ ಅಂಕಿಗಳನ್ನು ತೋರಿಸಿ ಮಾರುವವರು ಜಾಸ್ತಿ. ಇವು ಒಂದು ಸೈಟಿನ ತೂಕ ಎಷ್ಟು ಎಂದು ಖಾಸಗಿ ಕಂಪನಿಗಳು ಅಂದಾಜು ಮಾಡಿ ಕೊಡುವ ಅಂಕಗಳು. ಡಿಎ ಎಂಬುದು ಮಾಜ್ ಕಂಪನಿಯ ಅಂಕ, ಡಿಆರ್ ಏಎಚ್‌ರೆಫ್ಸ್ ಕಂಪನಿಯ ಅಂಕ. ಎರಡೂ ನೂರರೊಳಗೆ ಇರುತ್ತವೆ. ಗೂಗಲ್ ಇವನ್ನು ಬಳಸುವುದಿಲ್ಲ. ಕೃತಕ ಲಿಂಕ್ ತುಂಬಿಸಿ ಈ ಅಂಕಗಳನ್ನು ಏರಿಸಲೂ ಬರುತ್ತದೆ. ಹಾಗಾಗಿ "ಡಿಎ ಐವತ್ತರ ಮೇಲೆ ಸಾರ್" ಅನ್ನುವುದಕ್ಕೆ ಬೆರಗಾಗಬೇಡಿ. ಆ ಸೈಟ್ ಯಾರು ಓದುತ್ತಾರೆ ಅಂತ ಕೇಳಿ.

ಪಿಬಿಎನ್ ಅನ್ನುವ ಖಾಸಗಿ ಬ್ಲಾಗ್ ಜಾಲ ಇನ್ನೊಂದು. ಅವಧಿ ಮುಗಿದ ಹಳೆಯ ಡೊಮೇನ್‌ಗಳನ್ನು, ಅಂದರೆ ಸೈಟಿನ ವಿಳಾಸದ ಹೆಸರುಗಳನ್ನು, ಕೊಳ್ಳುತ್ತಾರೆ. ಅಲ್ಲಿ ಹಿಂದೆ ಒಂದು ಶಾಲೆಯ ಸೈಟೋ ಟ್ರಸ್ಟಿನ ಸೈಟೋ ಇದ್ದಿರುತ್ತದೆ. ಈಗ ಅದೇ ಹೆಸರಿನಲ್ಲಿ ಸಾಲ, ಔಷಧ, ಪ್ಯಾಕರ್ಸ್, ಜೂಜು ಎಲ್ಲದರ ಲೇಖನ ಇರುತ್ತದೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇಂಥ ಹಳೆ ಡೊಮೇನ್ ದುರ್ಬಳಕೆಯನ್ನು ಹೆಸರಿಟ್ಟೇ ನಿಯಮದಲ್ಲಿ ಸೇರಿಸಿತು. ಗುರುತಿಸುವುದು ಕಷ್ಟವಲ್ಲ. ಸಂಪರ್ಕದ ಪುಟದಲ್ಲಿ ವಿಳಾಸ ಇರುವುದಿಲ್ಲ. ಬರೆದವರ ಹೆಸರೆಲ್ಲ "ಅಡ್ಮಿನ್". ಸೈಟಿನ ಹೆಸರಿಗೂ ಒಳಗಿನ ಬರಹಕ್ಕೂ ಸಂಬಂಧವಿಲ್ಲ.

ದುಡ್ಡು ಕೊಟ್ಟು ಹಾಕಿಸುವ ಗೆಸ್ಟ್ ಪೋಸ್ಟ್, ಅಂದರೆ ಬೇರೆಯವರ ಸೈಟಿನಲ್ಲಿ ನಿಮ್ಮ ಲೇಖನ, ಕೂಡ ಇದೇ ಸಾಲಿನದು. ನೀವು ನಿಜವಾಗಿ ಬಲ್ಲ ವಿಷಯವನ್ನು ಒಂದು ಒಳ್ಳೆಯ ಕೃಷಿ ತಾಣಕ್ಕೆ ಬರೆದುಕೊಟ್ಟರೆ ತಪ್ಪೇನೂ ಇಲ್ಲ. ಲೇಖನ ಬರೀ ನೆಪವಾಗಿ, ಒಳಗಿನ ಲಿಂಕೇ ಸರಕಾದಾಗ ಅದು ಗೂಗಲ್‌ನ ಕಣ್ಣಲ್ಲಿ ಸ್ಪ್ಯಾಮ್. ಪತ್ರಿಕೆಗಳಲ್ಲಿ ಬರುವ ಜಾಹೀರಾತು ಲೇಖನಕ್ಕೂ ಇದೇ ಮಾತು. 2013ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹೂ ಮಾರಾಟ ಸಂಸ್ಥೆ ಇಂಟರ್‌ಫ್ಲೋರಾ ತನ್ನದೇ ಹೆಸರಿನ ಹುಡುಕಾಟದಲ್ಲೂ ಕಾಣದಾಯಿತು. ಅದಕ್ಕೆ ಮುಂಚೆ ಅಲ್ಲಿನ ಹಲವು ಪ್ರಾದೇಶಿಕ ಪತ್ರಿಕೆಗಳ ಸೈಟ್‌ಗಳಲ್ಲಿ ಅದರ ಲಿಂಕ್ ಇದ್ದ ಜಾಹೀರಾತು ಲೇಖನಗಳು ಬಂದಿದ್ದವು. ಚಿಕ್ಕಬಳ್ಳಾಪುರದಲ್ಲಿ ಹೂವಿನ ವ್ಯಾಪಾರ ಮಾಡಿ ಆನ್‌ಲೈನ್‌ಗೂ ಕಾಲಿಡುತ್ತಿರುವವರು ಇದನ್ನು ನೆನಪಿಡಬೇಕು.

ನಮ್ಮ ಕಡೆ ಹೆಚ್ಚಾಗಿ ಕಾಣುವ, ಯಾರೂ ತಪ್ಪೆಂದು ಎಣಿಸದ ಮೂರು ರೂಢಿಗಳಿವೆ. ಇವುಗಳ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಮೊದಲನೆಯದು ಹೋಮ್‌ಸ್ಟೇ, ರೆಸಾರ್ಟ್‌ನವರದು. ಟ್ರಾವೆಲ್ ಬ್ಲಾಗರ್‌ಗೆ ಒಂದು ರಾತ್ರಿ ಉಚಿತ ವಾಸ, ಬದಲಿಗೆ ಅವರ ಬ್ಲಾಗ್‌ನಲ್ಲಿ ಲಿಂಕ್. ಹಣ ಕೈ ಬದಲಾಗದಿದ್ದರೂ ಇದು ಕೊಟ್ಟು ತೆಗೆದುಕೊಂಡ ಲಿಂಕೇ. ವಸ್ತು ಅಥವಾ ಸೇವೆ ಕೊಟ್ಟು ಲಿಂಕ್ ಪಡೆಯುವುದೂ ಗೂಗಲ್‌ನ ನಿಯಮಕ್ಕೆ ವಿರುದ್ಧ. ಹಾಗಂತ ಬ್ಲಾಗರ್‌ಗಳನ್ನು ಕರೆಯಲೇಬಾರದು ಅಂತಲ್ಲ. ಲಿಂಕ್‌ಗೆ ಸ್ಪಾನ್ಸರ್ಡ್ ಎಂಬ ಗುರುತು ಹಾಕಲು ಹೇಳಿ. ಅದು ಓದುಗರ ಕಣ್ಣಿಗೆ ಕಾಣುವುದಿಲ್ಲ, ಪುಟದ ಕೋಡ್‌ನಲ್ಲಿ ಲಿಂಕ್ ಜೊತೆ ಸೇರಿಸುವ ಒಂದು ಪದ, ಇದು ಕೊಟ್ಟು ತೆಗೆದುಕೊಂಡ ಲಿಂಕ್ ಎಂದು ಗೂಗಲ್‌ಗೆ ಹೇಳುತ್ತದೆ. ಇಂಥ ಗುರುತು ಇನ್ನೂ ಇವೆ. ಕಮೆಂಟ್ ಸ್ಪ್ಯಾಮ್ ತಡೆಯಲು 2005ರಲ್ಲಿ, ಈ ಲಿಂಕನ್ನು ಪರವಾದ ಮಾತೆಂದು ಎಣಿಸಬೇಡಿ ಎನ್ನುವ ನೋಫಾಲೋ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಜಾಹೀರಾತಿಗೆ ಸ್ಪಾನ್ಸರ್ಡ್, ಓದುಗರು ಬರೆದದ್ದಕ್ಕೆ ಯುಜಿಸಿ ಎಂಬ ಗುರುತುಗಳು ಸೇರಿದವು. ಈ ಗುರುತು ಇದ್ದರೆ ಗಿರಾಕಿ ಬರುವುದಕ್ಕೆ ಅಡ್ಡಿಯಿಲ್ಲ, ನಿಮಗೆ ಅಪಾಯವೂ ಇಲ್ಲ.

ಎರಡನೆಯದು ಕಾಲೇಜು ಫೆಸ್ಟ್ ಸ್ಪಾನ್ಸರ್‌ಶಿಪ್, ವಿದ್ಯಾರ್ಥಿಗಳಿಗೆ ರಿಯಾಯಿತಿ. ತುಮಕೂರಿನಂಥ ಕಾಲೇಜುಗಳ ಊರಲ್ಲಿ ಇದು ಸಹಜ. ಆದರೆ ರಿಯಾಯಿತಿ ಕೊಡುತ್ತೇವೆ, ಕಾಲೇಜು ಸೈಟ್‌ನಲ್ಲಿ ನಾವು ಹೇಳಿದ ಪದಕ್ಕೇ ಲಿಂಕ್ ಹಾಕಿ ಅಂತ ಶರತ್ತು ಹಾಕಬೇಡಿ. 2011ರಲ್ಲಿ ಅಮೆರಿಕದ ಓವರ್‌ಸ್ಟಾಕ್ ಕಂಪನಿ ಹೀಗೇ ಮಾಡಿ ಗೂಗಲ್‌ನಲ್ಲಿ ಕೆಳಗಿಳಿದಿತ್ತು.

ಮೂರನೆಯದು ಸೈಟ್ ಮಾಡಿಕೊಟ್ಟವರದು. ತಾವು ಮಾಡಿದ ಪ್ರತಿ ಸೈಟಿನ ಪ್ರತಿ ಪುಟದ ಬುಡದಲ್ಲಿ "ತುಮಕೂರಿನ ಬೆಸ್ಟ್ ವೆಬ್ ಡಿಸೈನ್ ಕಂಪನಿ" ಅಂತ ಲಿಂಕ್ ಬಿಡುತ್ತಾರೆ. ಅಪಾಯ ಮುಖ್ಯವಾಗಿ ಅವರಿಗೇ. ಆದರೂ ನಿಮ್ಮ ಸೈಟಿನಿಂದ ಏನು ಹೊರಗೆ ಹೋಗುತ್ತಿದೆ ಎಂಬುದು ನಿಮಗೆ ಗೊತ್ತಿರಬೇಕು. ಹೆಸರು ಇರಲಿ, ಅದಕ್ಕೆ ನೋಫಾಲೋ ಹಾಕಲು ಕೇಳಿ. ಒಳ್ಳೆಯ ಡಿಸೈನರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಲಿಂಕ್ ಅದಲುಬದಲು ಬಗ್ಗೆ ಅನಗತ್ಯ ಭಯ ಬೇಡ. ನಿಮ್ಮ ಹೋಮ್‌ಸ್ಟೇ ಸೈಟ್ ಪಕ್ಕದ ದ್ರಾಕ್ಷಿ ತೋಟದ ಸೈಟಿಗೆ ಲಿಂಕ್ ಕೊಟ್ಟು, ಅವರೂ ನಿಮಗೆ ಕೊಟ್ಟರೆ ಅದು ಸಹಜ. ಅದನ್ನೇ ನೂರು ಸೈಟ್ ಜೊತೆ ಮಾಡಿ, ಅದಕ್ಕೊಂದು "ಪಾರ್ಟ್‌ನರ್ಸ್" ಪುಟ ಕಟ್ಟಿದಾಗ ತೊಂದರೆ.

ಹಂತ 2: ಬೀಗದ ಕೈ ನಿಮ್ಮ ಹತ್ತಿರ ಇದೆಯಾ?

ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಸೈಟ್‌ಗೆ ಯಾರು ಲಿಂಕ್ ಕೊಟ್ಟಿದ್ದಾರೆ, ಕ್ರಮ ಏನಾದರೂ ಆಗಿದೆಯಾ ಎಲ್ಲವೂ ಅಲ್ಲಿ ಕಾಣುತ್ತದೆ. ಎಷ್ಟೋ ಕಡೆ ಈ ಖಾತೆ ಸೈಟ್ ಮಾಡಿದ ಹುಡುಗನ ಜಿಮೇಲ್‌ನಲ್ಲಿ ಇರುತ್ತದೆ. ಡೊಮೇನ್ ಕೂಡ ಅವನ ಹೆಸರಲ್ಲೇ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇವತ್ತೇ ಕೇಳಿ, ನಿಮ್ಮ ಇಮೇಲನ್ನು ಓನರ್ ಆಗಿ ಸೇರಿಸಿಕೊಳ್ಳಿ. ಡೊಮೇನ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಇದರ ಜೊತೆ ಒಂದು ಹಾಳೆಯಲ್ಲಿ ಹಳೆಯದನ್ನೆಲ್ಲ ಬರೆದಿಡಿ. ಯಾರಿಗೆ ಎಸ್‌ಇಒ ಕೆಲಸ ಕೊಟ್ಟಿರಿ, ಯಾವಾಗ, ಏನು ಮಾಡುತ್ತೇವೆ ಅಂದಿದ್ದರು. ವಾಟ್ಸಾಪ್ ಮಾತುಕತೆ, ಬಿಲ್, ಅವರು ಕಳಿಸಿದ ಲಿಂಕ್ ರಿಪೋರ್ಟ್ ಇದ್ದರೆ ಅಳಿಸಬೇಡಿ. ಮುಂದೆ ಇದೇ ನಿಮ್ಮ ಸಾಕ್ಷಿ.

ಹಂತ 3: ಮ್ಯಾನುಯಲ್ ಆಕ್ಷನ್ ಇದೆಯಾ ನೋಡಿ

ಸರ್ಚ್ ಕನ್ಸೋಲ್‌ನ ಎಡಗಡೆ ಪಟ್ಟಿಯಲ್ಲಿ ಸೆಕ್ಯೂರಿಟಿ ಮತ್ತು ಮ್ಯಾನುಯಲ್ ಆಕ್ಷನ್ಸ್ ಅಂತ ಇದೆ. ತೆರೆಯಿರಿ. ಹಸಿರು ಗುರುತು ಇದ್ದರೆ ಕ್ರಮ ಆಗಿಲ್ಲ. ನಿಮ್ಮ ಸೈಟಿಗೆ ಬರುವ ಅಸಹಜ ಲಿಂಕ್ ಬಗ್ಗೆ ಇದ್ದರೆ ಮುಂದಿನ ಹಂತಗಳೆಲ್ಲ ನಿಮಗೆ ಬೇಕು. ನಿಮ್ಮ ಸೈಟಿನಿಂದ ಹೋಗುವ ಅಸಹಜ ಲಿಂಕ್ ಬಗ್ಗೆ ಇದ್ದರೆ ನೀವು ಲಿಂಕ್ ಮಾರಿದ್ದೀರಿ, ಇಲ್ಲವೇ ಯಾರೋ ಸೈಟ್ ಒಳಗೆ ನುಗ್ಗಿದ್ದಾರೆ. ಪುಕ್ಕಟೆ ಸಿಕ್ಕ ಕದ್ದ ವರ್ಡ್‌ಪ್ರೆಸ್ ಥೀಮ್‌ಗಳಲ್ಲಿ ಇಂಥ ಅಡಗಿಸಿದ ಲಿಂಕ್‌ಗಳು ಇರುತ್ತವೆ. ಥೀಮ್ ತೆಗೆದು ಹಾಕಿ, ಪ್ಲಗಿನ್ ಅಪ್‌ಡೇಟ್ ಮಾಡಿ, ಪಾಸ್‌ವರ್ಡ್ ಬದಲಿಸಿ.

ಹಂತ 4: ಲಿಂಕ್‌ಗಳನ್ನು ಇಳಿಸಿಕೊಂಡು ಓದಿ

ಅದೇ ಪಟ್ಟಿಯಲ್ಲಿ ಲಿಂಕ್ಸ್ ವಿಭಾಗ ತೆರೆಯಿರಿ. ಎಕ್ಸ್‌ಪೋರ್ಟ್ ಒತ್ತಿದರೆ ಹೊರಗಿನ ಲಿಂಕ್‌ಗಳ ಪಟ್ಟಿ ಸ್ಪ್ರೆಡ್‌ಶೀಟ್‌ಗೆ ಬರುತ್ತದೆ. ಎರಡು ಆಯ್ಕೆ ಇವೆ, ಮಾದರಿ ಲಿಂಕ್‌ಗಳು ಮತ್ತು ಇತ್ತೀಚಿನ ಲಿಂಕ್‌ಗಳು. ಎರಡನ್ನೂ ಇಳಿಸಿಕೊಳ್ಳಿ. ಇತ್ತೀಚಿನದರಲ್ಲಿ ದಿನಾಂಕವೂ ಇರುತ್ತದೆ. ಏಜೆನ್ಸಿಗೆ ದುಡ್ಡು ಕೊಟ್ಟ ತಿಂಗಳು ಒಮ್ಮೆಲೇ ಲಿಂಕ್‌ಗಳು ಉಕ್ಕಿದ್ದರೆ ಅಲ್ಲಿಂದ ಶುರು ಮಾಡಿ.

ನಂತರ ಆಂಕರ್ ಟೆಕ್ಸ್ಟ್ ನೋಡಿ. ಅಂದರೆ ಯಾವ ಪದಗಳ ಮೇಲೆ ಲಿಂಕ್ ಹಾಕಿದ್ದಾರೆ ಎಂಬುದು. ಹುಡುಗನ ಮನೆ ಬಗ್ಗೆ ಊರಲ್ಲಿ ವಿಚಾರಿಸಲು ಹೋದಾಗ ಹತ್ತು ಜನ ಒಂದೇ ವಾಕ್ಯವನ್ನು ಅಕ್ಷರ ತಪ್ಪದೆ ಹೇಳಿದರೆ ಅನುಮಾನ ಬರುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ನಿಜವಾದ ಲಿಂಕ್‌ಗಳಲ್ಲಿ ಅಂಗಡಿಯ ಹೆಸರು, ಸೈಟಿನ ವಿಳಾಸ, "ಇಲ್ಲಿ ನೋಡಿ", ಕೆಲವೊಮ್ಮೆ ಅರ್ಧಂಬರ್ಧ ಸ್ಪೆಲ್ಲಿಂಗ್, ಎಲ್ಲ ಕಲಸಿಕೊಂಡಿರುತ್ತದೆ. ಕೊಂಡ ಲಿಂಕ್‌ಗಳಲ್ಲಿ "ಕೊಬ್ಬರಿ ಸಪ್ಲೈಯರ್ ಇನ್ ತಿಪಟೂರು" ಅನ್ನುವುದೇ ನೂರಾರು ಕಡೆ ಇರುತ್ತದೆ.

ಪಟ್ಟಿಯ ಪಕ್ಕ ಒಂದು ಕಾಲಂ ಮಾಡಿ, ಪ್ರತಿ ಡೊಮೇನ್‌ಗೂ ಮೂರರಲ್ಲಿ ಒಂದು ಮಾತು ಬರೆಯಿರಿ: ಇಟ್ಟುಕೊಳ್ಳಿ, ತೆಗೆಸಿ, ಗೊತ್ತಿಲ್ಲ. ಒಂದೊಂದು ಪುಟ ನೋಡುತ್ತಾ ಕೂರಬೇಡಿ, ಡೊಮೇನ್ ಲೆಕ್ಕದಲ್ಲಿ ಹೋಗಿ. ಸಂಬಂಧವಿಲ್ಲದ ಭಾಷೆಯ ಸೈಟ್, ಜೂಜು, ಸಾಲ, ಅಶ್ಲೀಲ, ಎಲ್ಲ ವಿಷಯಕ್ಕೂ ಬರೆಯುವ ಸೈಟ್ ಕಂಡರೆ ಬೇಗ ತೀರ್ಮಾನ ಆಗುತ್ತದೆ. ಸ್ಥಳೀಯ ಡೈರೆಕ್ಟರಿ, ಜಸ್ಟ್‌ಡಯಲ್, ಇಂಡಿಯಾಮಾರ್ಟ್ ಇದ್ದರೆ ಸುಮ್ನೆ ಬಿಡಿ. ಅವು ಗಿರಾಕಿಗಳು ನಿಜವಾಗಿ ಬಳಸುವ ಜಾಗಗಳು.

ಹಂತ 5: ಏನೂ ಮಾಡದೆ ಇರಬೇಕಾ ಎಂದು ತೀರ್ಮಾನಿಸಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಮ್ಯಾನುಯಲ್ ಆಕ್ಷನ್ ಇಲ್ಲ, ನೀವೂ ನಿಮ್ಮ ಏಜೆನ್ಸಿಯೂ ಲಿಂಕ್ ಕೊಂಡಿಲ್ಲ, ಆದರೂ ಪಟ್ಟಿಯಲ್ಲಿ ಕಸ ಇದೆ ಅಂದರೆ ಸುಮ್ಮನಿರಿ. ಪ್ರತಿ ಸೈಟಿಗೂ ಎಲ್ಲಿಂದಲೋ ಕಸದ ಲಿಂಕ್ ಬರುತ್ತಲೇ ಇರುತ್ತದೆ. ಗೂಗಲ್ ಅದನ್ನು ತಾನೇ ಬದಿಗಿಡುತ್ತದೆ. ಕೆಲವು ಟೂಲ್‌ಗಳು ಕೆಂಪು ಬಣ್ಣದಲ್ಲಿ "ಟಾಕ್ಸಿಕ್" ಅಂತ ತೋರಿಸಿ ಹೆದರಿಸುತ್ತವೆ. ಆ ಅಂಕ ಟೂಲ್ ಕಂಪನಿಯದು, ಗೂಗಲ್‌ನದಲ್ಲ. ಆ ಭಯದಲ್ಲಿ ಒಳ್ಳೆಯ ಲಿಂಕ್‌ಗಳನ್ನೂ ತಳ್ಳಿಹಾಕಿದರೆ ನಷ್ಟ ನಿಮಗೇ.

ಮ್ಯಾನುಯಲ್ ಆಕ್ಷನ್ ಬಂದಿದ್ದರೆ, ಇಲ್ಲವೇ ಗೊತ್ತಿದ್ದೂ ತುಂಬಾ ಲಿಂಕ್ ಕೊಂಡಿದ್ದು ಅದು ಬರುವ ಸಂಭವ ಇದ್ದರೆ ಮಾತ್ರ ಮುಂದೆ ಹೋಗಿ.

ಹಂತ 6: ಲಿಂಕ್ ತೆಗೆಸಿ

ಮೊದಲು ಹಾಕಿಸಿದವರನ್ನೇ ಕೇಳಿ. ಏಜೆನ್ಸಿಗೆ ಪಟ್ಟಿ ಕಳಿಸಿ, ತೆಗೆಸಿಕೊಡಲು ಹೇಳಿ. ಆಗದಿದ್ದರೆ ಸೈಟ್ ಮಾಲೀಕರಿಗೆ ನೇರವಾಗಿ ಇಮೇಲ್ ಮಾಡಿ. ಪತ್ರ ಚಿಕ್ಕದಿರಲಿ. ಯಾವ ಪುಟ, ಯಾವ ಲಿಂಕ್, ದಯವಿಟ್ಟು ತೆಗೆಯಿರಿ ಅಥವಾ ನೋಫಾಲೋ ಹಾಕಿ. ಬೆದರಿಕೆ ಬೇಡ. ಕಳಿಸಿದ ದಿನ, ಬಂದ ಉತ್ತರ ಶೀಟ್‌ನಲ್ಲಿ ದಾಖಲಿಸಿ. ತೆಗೆಯಲು ದುಡ್ಡು ಕೇಳಿದರೆ ಕೊಡಬೇಡಿ. ಆ ಡೊಮೇನನ್ನು ಮುಂದಿನ ಹಂತದ ಪಟ್ಟಿಗೆ ಸೇರಿಸಿ.

ಹಂತ 7: ಡಿಸವೌ ಫೈಲ್

2012ರ ಅಕ್ಟೋಬರ್‌ನಲ್ಲಿ ಬಂದ ಈ ಸಾಧನ "ಈ ಲಿಂಕ್‌ಗಳನ್ನು ನನ್ನ ಲೆಕ್ಕಕ್ಕೆ ಸೇರಿಸಬೇಡಿ" ಎಂದು ಗೂಗಲ್‌ಗೆ ಹೇಳುವ ದಾರಿ. ಸರ್ಚ್ ಕನ್ಸೋಲ್‌ನ ಮೆನುವಿನಲ್ಲಿ ಇದು ಕಾಣುವುದಿಲ್ಲ. ಗೂಗಲ್‌ನಲ್ಲಿ "ಡಿಸವೌ ಲಿಂಕ್ಸ್ ಟೂಲ್" ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಅವರ ಸಹಾಯ ಪುಟದ ಮೂಲಕ ಸಿಗುತ್ತದೆ.

ನೋಟ್‌ಪ್ಯಾಡ್‌ನಲ್ಲಿ ಸಾದಾ ಟೆಕ್ಸ್ಟ್ ಫೈಲ್ ಮಾಡಿ, ಯುಟಿಎಫ್-8 ರೂಪದಲ್ಲಿ ಉಳಿಸಿ. ಸಾಲಿಗೆ ಒಂದೇ ನಮೂದು. ಇಡೀ ಸೈಟನ್ನು ಬಿಡಬೇಕಾದರೆ ಇಂಗ್ಲಿಷಿನಲ್ಲಿ ಡೊಮೇನ್ ಎಂಬ ಪದ, ಆಮೇಲೆ ಕೋಲನ್, ಜಾಗ ಬಿಡದೆ ಸೈಟಿನ ಹೆಸರು. ಒಂದೇ ಪುಟವಾದರೆ ಅದರ ಪೂರ್ತಿ ವಿಳಾಸ. ಕೊಂಡ ಲಿಂಕ್‌ಗಳ ವಿಷಯದಲ್ಲಿ ಇಡೀ ಡೊಮೇನ್ ಹಾಕುವುದೇ ಸರಿ ಎಂದು ನನ್ನ ಅನಿಸಿಕೆ. ನಿಮ್ಮ ನೆನಪಿಗೆ ಟಿಪ್ಪಣಿ ಬೇಕಿದ್ದರೆ ಸಾಲಿನ ಮೊದಲು # ಹಾಕಿ ಬರೆಯಿರಿ, ಗೂಗಲ್ ಅದನ್ನು ಓದುವುದಿಲ್ಲ. ಮಿತಿ 1,00,000 ಸಾಲು ಮತ್ತು 2 ಎಂಬಿ.

ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವ ಜಾಗಗಳು ಎರಡು. ಸರ್ಚ್ ಕನ್ಸೋಲ್‌ಗೆ ಸೇರಿಸಿದ ಸೈಟನ್ನು ಪ್ರಾಪರ್ಟಿ ಎನ್ನುತ್ತಾರೆ, ಸೇರಿಸುವ ಬಗೆ ಎರಡು. ಡೊಮೇನ್ ಪ್ರಾಪರ್ಟಿಗೆ ಈ ಟೂಲ್ ನಡೆಯುವುದಿಲ್ಲ. ಸೈಟಿನ ಪೂರ್ತಿ ವಿಳಾಸ ಕೊಟ್ಟು ಯುಆರ್‌ಎಲ್ ಪ್ರಿಫಿಕ್ಸ್ ಪ್ರಾಪರ್ಟಿಯನ್ನು ಬೇರೆಯಾಗಿ ಸೇರಿಸಬೇಕು. ಇನ್ನೊಂದು, ಹೊಸ ಫೈಲ್ ಹಾಕಿದರೆ ಹಳೆಯದು ಪೂರ್ತಿ ಹೋಗುತ್ತದೆ. ಹಾಗಾಗಿ ಹಳೆ ಪಟ್ಟಿಗೇ ಹೊಸದನ್ನು ಸೇರಿಸಿ ಹಾಕಿ. ಪರಿಣಾಮ ಕಾಣಲು ಕೆಲವು ವಾರ ಬೇಕು.

ಹಂತ 8: ಮರುಪರಿಶೀಲನೆಗೆ ಅರ್ಜಿ

ಇದು ಮ್ಯಾನುಯಲ್ ಆಕ್ಷನ್ ಇದ್ದವರಿಗೆ ಮಾತ್ರ. ಅದೇ ಪುಟದಲ್ಲಿ ರಿಕ್ವೆಸ್ಟ್ ರಿವ್ಯೂ ಬಟನ್ ಇರುತ್ತದೆ. ಸರಳ ಇಂಗ್ಲಿಷಿನಲ್ಲಿ ಬರೆದರೆ ಸಾಕು. ಏನು ತಪ್ಪಾಗಿತ್ತು, ಯಾರಿಂದ ಆಯಿತು, ಎಷ್ಟು ಲಿಂಕ್ ತೆಗೆಸಿದಿರಿ, ಉಳಿದದ್ದನ್ನು ಡಿಸವೌ ಮಾಡಿದಿರಾ, ಮುಂದೆ ಹೀಗಾಗದಂತೆ ಏನು ಮಾಡಿದ್ದೀರಿ. ನೀವು ಇಟ್ಟ ಶೀಟ್‌ನ ಲಿಂಕ್ ಕೊಡಿ. ಸುಳ್ಳು ಬೇಡ, ಗೋಗರೆಯುವುದೂ ಬೇಡ. ಇಮೇಲ್‌ಗಳನ್ನು ಕಳಿಸಿ ಲಿಂಕ್ ತೆಗೆಸಲು ನಿಜವಾಗಿ ಪ್ರಯತ್ನಿಸದೆ, ಬರೀ ಡಿಸವೌ ಮಾಡಿ ಅರ್ಜಿ ಹಾಕಿದರೆ ಸಾಲದು. ಉತ್ತರಕ್ಕೆ ಹಲವು ದಿನ, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಇನ್ನೊಂದು ಅರ್ಜಿ ಹಾಕಬೇಡಿ.

ಕ್ರಮ ತೆರವಾದರೂ ಹಳೆಯ ಜಾಗ ಹಾಗೇ ಸಿಗುತ್ತದೆ ಎಂದು ನಂಬಬೇಡಿ. ಆ ಜಾಗ ಕೊಂಡ ಲಿಂಕ್‌ಗಳ ಮೇಲೆ ನಿಂತಿತ್ತು.

ಹಂತ 9: ನಿಜವಾದ ಲಿಂಕ್ ಎಲ್ಲಿಂದ?

ನಿಮ್ಮ ಕೆಲಸದ ಬಗ್ಗೆ ನಿಮಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲ. ಅದನ್ನು ಬರೆಯಿರಿ. ತಿಪಟೂರಿನ ವ್ಯಾಪಾರಿ ಉಂಡೆ ಕೊಬ್ಬರಿಗೂ ಎಣ್ಣೆ ಕೊಬ್ಬರಿಗೂ ವ್ಯತ್ಯಾಸ ಏನು, ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಯಾಕೆ ಇಡುತ್ತಾರೆ, ಎರಡಕ್ಕೂ ಬೆಂಬಲ ಬೆಲೆ ಯಾಕೆ ಬೇರೆ ಎಂದು ಫೋಟೋ ಹಾಕಿ ವಿವರಿಸಿದರೆ, ಕೃಷಿ ಬಗ್ಗೆ ಬರೆಯುವವರು ತಾವಾಗಿಯೇ ಅದನ್ನು ತೋರಿಸುತ್ತಾರೆ. ಕೋಲಾರದ ಟೊಮೆಟೊ ಮಂಡಿಯವರು 15 ಕೆಜಿ ಬಾಕ್ಸ್ ಲೆಕ್ಕ, ಗ್ರೇಡಿಂಗ್, ಹರಾಜು ನಡೆಯುವ ರೀತಿ ಬರೆಯಬಹುದು. ಶಿಡ್ಲಘಟ್ಟದ ರೀಲರ್ ಬೈವೋಲ್ಟೀನ್ ಗೂಡಿಗೂ ಮಿಶ್ರತಳಿ ಗೂಡಿಗೂ ನೂಲಿನಲ್ಲಿ ಏನು ಫರಕು ಎಂದು ತೋರಿಸಬಹುದು. ಶ್ರೀನಿವಾಸಪುರದವರು ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ ಯಾವಾಗ ಕೊಯ್ಲಿಗೆ ಬರುತ್ತವೆ ಎಂಬ ಪುಟವನ್ನು ಪ್ರತಿ ವರ್ಷ ಅಪ್‌ಡೇಟ್ ಮಾಡಲಿ. ಕನ್ನಡದಲ್ಲೇ ಬರೆಯಿರಿ. ಇಂಥ ವಿಷಯಕ್ಕೆ ಕನ್ನಡದಲ್ಲಿ ಒಳ್ಳೆಯ ಪುಟಗಳು ಕಮ್ಮಿ ಇವೆ.

ಆಮೇಲೆ, ಈಗಾಗಲೇ ನಿಮ್ಮ ಜೊತೆ ವ್ಯವಹಾರ ಇರುವವರನ್ನು ಕೇಳಿ. ನಿಮ್ಮ ಸರಕು ಮಾರುವ ಡೀಲರ್, ನೀವು ಸದಸ್ಯರಾಗಿರುವ ವರ್ತಕರ ಸಂಘ, ರೈತ ಉತ್ಪಾದಕ ಕಂಪನಿ, ನಿಮ್ಮ ಬಗ್ಗೆ ಸುದ್ದಿ ಬರೆದು ಲಿಂಕ್ ಹಾಕಲು ಮರೆತ ಜಿಲ್ಲಾ ಪತ್ರಿಕೆ. ಯಾವ ಪದಕ್ಕೆ ಲಿಂಕ್ ಹಾಕಬೇಕು ಅಂತ ಹೇಳಬೇಡಿ, ಅವರಿಗೆ ತೋಚಿದ ಹಾಗೆ ಹಾಕಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಹೆಸರು, ವಿಳಾಸ, ಫೋನ್ ಸರಿ ಇರಲಿ. ತಟ್ಟೆ ಇಡ್ಲಿ ಹೋಟೆಲ್ ಹುಡುಕುತ್ತಾ ಕ್ಯಾತ್ಸಂದ್ರದ ಹತ್ತಿರ ಬಂದವರಿಗೆ ನಕ್ಷೆಯಲ್ಲಿ ನಿಮ್ಮ ಹೋಟೆಲ್ ಕಾಣಲು ಸಾವಿರ ಬ್ಯಾಕ್‌ಲಿಂಕ್‌ಗಿಂತ ಇದು ಮುಖ್ಯ.

ಹಂತ 10: ಮುಂದಿನ ಏಜೆನ್ಸಿಯ ಜೊತೆ ಮಾತು

ಎಲ್ಲ ಎಸ್‌ಇಒ ಏಜೆನ್ಸಿಯವರೂ ಮೋಸಗಾರರಲ್ಲ. ಚೆನ್ನಾಗಿ ಕೆಲಸ ಮಾಡುವವರು ಈ ಜಿಲ್ಲೆಗಳಲ್ಲೂ ಇದ್ದಾರೆ. ಕೇಳಬೇಕಾದ್ದು ಇಷ್ಟು. ಲಿಂಕ್ ಎಲ್ಲಿ ಹಾಕುತ್ತೀರಿ, ಹಾಕುವ ಮುಂಚೆ ಪಟ್ಟಿ ತೋರಿಸುತ್ತೀರಾ? ಆ ಸೈಟ್‌ಗೆ ದುಡ್ಡು ಕೊಡುತ್ತೀರಾ? ಕೊಟ್ಟರೆ ಸ್ಪಾನ್ಸರ್ಡ್ ಗುರುತು ಹಾಕಿಸುತ್ತೀರಾ? ಕೆಲಸ ಬಿಟ್ಟಾಗ ಖಾತೆಗಳನ್ನೆಲ್ಲ ವಾಪಸ್ ಕೊಡುತ್ತೀರಾ? ಉತ್ತರಗಳನ್ನು ಒಪ್ಪಂದದಲ್ಲಿ ಬರೆಸಿ. "ಅದು ನಮ್ಮ ಸೀಕ್ರೆಟ್ ಸಾರ್" ಅಂದರೆ, ಫಸ್ಟ್ ಪೇಜ್ ಗ್ಯಾರಂಟಿ ಅಂದರೆ, ಅಲ್ಲಿಗೇ ಮಾತು ಮುಗಿಸಿ. ಗೂಗಲ್‌ನಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು.

ಕೆಲಸ ಶುರುವಾದ ಮೇಲೆ ಮೂರು ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್‌ನಿಂದ ಇತ್ತೀಚಿನ ಲಿಂಕ್‌ಗಳನ್ನು ನೀವೇ ಇಳಿಸಿಕೊಂಡು, ಏಜೆನ್ಸಿ ಕೊಟ್ಟ ರಿಪೋರ್ಟ್ ಜೊತೆ ಇಟ್ಟು ನೋಡಿ. ರಿಪೋರ್ಟ್‌ನಲ್ಲಿಲ್ಲದ, ಒಂದೇ ವಾರದಲ್ಲಿ ಬಂದ, ಒಂದೇ ಆಂಕರ್ ಟೆಕ್ಸ್ಟ್ ಇರುವ ಲಿಂಕ್‌ಗಳು ಕಂಡರೆ ಮುಂದಿನ ಕಂತು ಕೊಡುವ ಮೊದಲೇ ಅವರನ್ನು ಕೂರಿಸಿಕೊಂಡು ಕೇಳಿ.